ವಚನ ಓದೋಕೆ ಒಂದು ಹಿಡಿ ಮಣ್ಣು ಬೇಕು

ಕೆಲವು ವರ್ಷಗಳ ಹಿಂದೆ ದಿನಕ್ಕೆ ಐದು ವಚನ ಓದಬೇಕು ಅಂತ ಹಟ ಹಿಡಿದಿದ್ದೆ. ನಲವತ್ತು ದಿನ ಬಿಡದೆ ಓದಿದೆ. ಒಟ್ಟು 200 ವಚನ. ನಲವತ್ತೊಂದನೇ ದಿನ ಕಣ್ಣು ಮುಚ್ಚಿ ನೆನಪಿಸಿಕೊಂಡರೆ ಬಂದದ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನಾಲ್ಕೇ ನಾಲ್ಕು. ಹೊಸದೊಂದೂ ಇಲ್ಲ. ಪುಸ್ತಕದ ತುಂಬಾ ಪೆನ್ಸಿಲ್ ಗೆರೆ, ತಲೆಯಲ್ಲಿ ಏನೂ ಇಲ್ಲ.

ಆಮೇಲೆ ಹೊಳೆಯಿತು. ನಾನು ವಚನ ಓದುತ್ತಲೇ ಇರಲಿಲ್ಲ, ಅದರ ಕೆಳಗೆ ಕೊಟ್ಟಿರುವ ತಾತ್ಪರ್ಯ ಓದುತ್ತಿದ್ದೆ. 'ಇಲ್ಲಿ ತೋಟ ಅಂದರೆ ದೇಹ, ಗುದ್ದಲಿ ಅಂದರೆ ಮನಸ್ಸು.' ಸರಿ, ಗೊತ್ತಾಯ್ತು, ಮುಂದಿನದು! ತೋಟವನ್ನು ನೋಡಲಿಲ್ಲ, ಗುದ್ದಲಿಯನ್ನು ಮುಟ್ಟಲಿಲ್ಲ, ಸೀದಾ ಅರ್ಥಕ್ಕೆ ಓಡಿದೆ.

ಈಗ ವಾರಕ್ಕೆ ಒಂದೇ ವಚನ. ಅದರಲ್ಲೂ ನೆಲ, ನೀರು, ಮರ, ಬೆಳೆ ಬರುವಂಥದ್ದು. ವಚನದಲ್ಲಿ ಯಾವ ವಸ್ತು ಇದೆಯೋ ಅದನ್ನು ಮೊದಲು ಕೈಯಲ್ಲಿ ಹಿಡಿಯುತ್ತೇನೆ. ಅರ್ಥ ಆಮೇಲೆ. ಈ ರೂಢಿ ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇದಕ್ಕೆ ಹಳಗನ್ನಡ ಬರಬೇಕಿಲ್ಲ. ದೀಕ್ಷೆ, ಜಾತಿ, ಮಠ ಯಾವುದೂ ಬೇಕಿಲ್ಲ. ದೇವರನ್ನು ನಂಬದ ಗೆಳೆಯನೊಬ್ಬ ನನಗಿಂತ ಚೆನ್ನಾಗಿ ಇದನ್ನು ಮಾಡುತ್ತಾನೆ.

ಮೊದಲು ಕೂಡಿಸಿಕೊಳ್ಳಬೇಕಾದ್ದು

ಒಂದು ಗೆರೆ ಇಲ್ಲದ ನೋಟ್ ಪುಸ್ತಕ, ಪೆನ್ನು. ಒಂದು ಮಣ್ಣಿನ ಕುಂಡ. ಹಿತ್ತಿಲು, ಹೊಲ ಇದ್ದವರು ಪುಣ್ಯವಂತರು. ಅಪಾರ್ಟ್‌ಮೆಂಟಿನ ಬಾಲ್ಕನಿ ಆದರೂ ಸಾಕು. ನಾನು ಶುರು ಮಾಡಿದ್ದು ಬೆಂಗಳೂರಿನ ಮೂರನೇ ಮಹಡಿಯಲ್ಲಿ, ಸೊರಗಿದ ಒಂದು ಕರಿಬೇವಿನ ಕುಂಡದ ಪಕ್ಕ.

ಇನ್ನು ವಚನಗಳು. 12ನೇ ಶತಮಾನದ ಈ ಮಾತುಗಳು ಇವತ್ತು ನಮ್ಮ ಕೈಗೆ ಸಿಗುವಂತಾಗಿದ್ದರಲ್ಲಿ ಫ.ಗು. ಹಳಕಟ್ಟಿಯವರ ಪಾಲು ದೊಡ್ಡದು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ತಾಳೆಗರಿ ಕಟ್ಟುಗಳನ್ನು ಹುಡುಕಿ ಹುಡುಕಿ ಕೂಡಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂದದ್ದು 1923ರಲ್ಲಿ. ಇದಕ್ಕಾಗಿ ಸ್ವಂತ ಮನೆ ಮಾರಿ ಅಚ್ಚುಕೂಟ ಹಾಕಿದರು. ಈಗ ರಾಜ್ಯ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಇದೆ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಅಂತರ್ಜಾಲದಲ್ಲಿ 'ವಚನ ಸಂಚಯ' ಇದೆ. ಅಲ್ಲಿ ಒಂದು ಪದ ಕೊಟ್ಟರೆ ಆ ಪದ ಬರುವ ವಚನಗಳೆಲ್ಲ ಸಾಲಾಗಿ ಬರುತ್ತವೆ. 'ಮಣ್ಣು' ಅಂತ ಹುಡುಕಿ ನೋಡಿ, ಒಂದು ಸಂಜೆ ಹೋಗಿದ್ದೇ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಬರುವ ವಚನವನ್ನು ಹಾಗೇ ನಂಬಬೇಡಿ. ಅದರಲ್ಲಿ ಎಷ್ಟೋ ಯಾರೋ ಮೊನ್ನೆ ಬರೆದವು. ಮೊದಲ ಸಾಲನ್ನೂ ಅಂಕಿತವನ್ನೂ (ವಚನದ ಕೊನೆಗೆ ಬರುವ ದೇವರ ಹೆಸರು) ಹುಡುಕಿ ನೋಡಿ. ಒಂದು ಉದಾಹರಣೆ ಹೇಳುತ್ತೇನೆ. 'ಕಾಯಕವೇ ಕೈಲಾಸ' ಅನ್ನುವುದು ಬಸವಣ್ಣನ ಮಾತು ಅಂತ ಬಸ್ಸಿನ ಮೇಲೆ, ಗೋಡೆಯ ಮೇಲೆ ಎಲ್ಲ ಕಡೆ ಬರೆದಿರುತ್ತಾರೆ, ಅಲ್ವಾ? ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿ ಆಯ್ದು ತಂದು ಬದುಕುತ್ತಿದ್ದ ಮನುಷ್ಯ ಹೇಳಿದ್ದು ಅಂತ ಗೊತ್ತಾದ ಮೇಲೆ ಅದರ ತೂಕವೇ ಬೇರೆ.

ಹೆಜ್ಜೆ 1: ಚಿಕ್ಕದನ್ನು ಆರಿಸಿ

ಮೊದಲ ವಾರಕ್ಕೆ ಜೇಡರ ದಾಸಿಮಯ್ಯನ ಈ ವಚನ ಇಟ್ಟುಕೊಳ್ಳಿ.

ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ,
ಸುಳಿದು ಬೀಸುವ ವಾಯು ನಿಮ್ಮ ದಾನ,
ನಿಮ್ಮ ದಾನವನುಂಡು ಅನ್ಯರ ಹೊಗಳುವ
ಕುನ್ನಿಗಳನೇನೆಂಬೆ ರಾಮನಾಥ.

ನಾಲ್ಕು ಸಾಲು. ಒಂದೇ ಉಸಿರಲ್ಲಿ ಮುಗಿಯುತ್ತದೆ. ದಾಸಿಮಯ್ಯ ಬಟ್ಟೆ ನೇಯುವವನು. ಮಗ್ಗದ ಲಾಳಿ ಹಾಗೆ ಹೋಗಿ ಹೀಗೆ ಬರುವಂತೆ 'ನಿಮ್ಮ ದಾನ' ಮತ್ತೆ ಮತ್ತೆ ಬರುತ್ತದೆ.

ದೊಡ್ಡ ಹೆಸರಿನ ಕಷ್ಟದ ವಚನದಿಂದ ಶುರು ಮಾಡುವ ಹುಮ್ಮಸ್ಸು ಬೇಡ. ಅಲ್ಲಮನ ಬೆಡಗಿನ, ಅಂದರೆ ಒಗಟಿನಂಥ, ವಚನಗಳನ್ನು ಮೊದಲ ದಿನವೇ ಹಿಡಿದು, ಏನೂ ತಿಳಿಯದೆ ಪುಸ್ತಕ ಮುಚ್ಚಿಟ್ಟವರು ಬಹಳ ಜನ ಇದ್ದಾರೆ. ಅವುಗಳ ಸರದಿ ಆಮೇಲೆ ಬರುತ್ತದೆ.

ಹೆಜ್ಜೆ 2: ಬಾಯಿ ಬಿಟ್ಟು ಓದಿ

ವಚನ ಅಂದರೇನೇ ಮಾತು. ಕಣ್ಣಲ್ಲಿ ಓದಿದರೆ ಅರ್ಧ ಮಾತ್ರ. ಬೆಳಿಗ್ಗೆ ಕಾಫಿ ಕಾಯುವಾಗ, ಗಿಡಕ್ಕೆ ನೀರು ಹಾಕುವಾಗ ಜೋರಾಗಿ ಮೂರು ಸಲ ಓದಿ. ಮನೆಯವರು ನಗುತ್ತಾರೆ, ನಗಲಿ.

ಓದುವಾಗ ನಿಮ್ಮ ದನಿ ಎಲ್ಲಿ ತಡೆಯುತ್ತದೆ ನೋಡಿ. ನನಗೆ ಈ ವಚನದಲ್ಲಿ 'ಕುನ್ನಿ' ಹತ್ತಿರ ತಡೆಯುತ್ತದೆ. ಮೊದಲ ಎರಡು ಸಾಲು ಅಷ್ಟು ಮೆದುವಾಗಿ ಹೋಗಿ, ಇದ್ದಕ್ಕಿದ್ದಂತೆ 'ನಾಯಿಮರಿ' ಅಂತ ಬೈಗುಳ. ಆ ತಡೆಯುವ ಜಾಗದ ಕೆಳಗೆ ಒಂದು ಚುಕ್ಕೆ ಇಡಿ. ಕೊನೆಗೆ ಅಲ್ಲಿಗೇ ಬರಬೇಕಾಗುತ್ತದೆ.

ಹಾಡಲು ಬಂದರೆ ಹಾಡಿ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಹಾಡಿದ ವಚನಗಳನ್ನು ಕೇಳಿ. ಒಂದೇ ಪದವನ್ನು ಎಷ್ಟು ಬಗೆಯಲ್ಲಿ ತಿರುವಿ ನೋಡಬಹುದು ಅಂತ ಅವರಿಂದ ತಿಳಿಯುತ್ತದೆ. ಆದರೆ ಒಂದು ವಚನವನ್ನು ಮೊದಲ ಸಲವೇ ರಾಗದಲ್ಲಿ ಕೇಳಿದರೆ ಆಮೇಲೆ ನಿಮ್ಮ ಸ್ವಂತ ದನಿಯಲ್ಲಿ ಓದುವುದು ಕಷ್ಟ. ಅದಕ್ಕೆ ಮೊದಲು ನೀವು, ಆಮೇಲೆ ಮನ್ಸೂರರು.

ಹೆಜ್ಜೆ 3: ಗೊತ್ತಿದೆ ಅನ್ನಿಸುವ ಪದವನ್ನೇ ಅನುಮಾನಿಸಿ

ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುತ್ತೀರಿ, ಅದರಿಂದ ತೊಂದರೆ ಇಲ್ಲ. ಮೋಸ ಮಾಡುವುದು ಗೊತ್ತಿದೆ ಅಂದುಕೊಂಡ ಪದ. ನಾನು ಎಡವಿದ ಎರಡು ಜಾಗ ಹೇಳುತ್ತೇನೆ.

ಬಸವಣ್ಣನ ಪ್ರಸಿದ್ಧ ವಚನ: 'ಒಲೆ ಹತ್ತಿ ಉರಿದಡೆ ನಿಲಬಹುದಲ್ಲದೆ ಧರೆ ಹತ್ತಿ ಉರಿದಡೆ ನಿಲಬಹುದೆ? ಏರಿ ನೀರುಂಬಡೆ, ಬೇಲಿ ಕೆಯ್ಯ ಮೇವಡೆ...' ಶಾಲೆಯಲ್ಲಿ ನಾನು ಇದನ್ನು 'ಯಾರೋ ಮೇಲೆ ಏರಿ ಹೋಗಿ ನೀರು ಕುಡಿದರೆ' ಅಂತ ಅಂದುಕೊಂಡಿದ್ದೆ. ಬೇಲಿ ಬಂದು ನಮ್ಮ ಕೈಯನ್ನು ಮೇಯುತ್ತದೆ ಅಂತಲೂ ಅಂದುಕೊಂಡಿದ್ದೆ! ನಗಬೇಡಿ. ಏರಿ ಅಂದರೆ ಕೆರೆಯ ಏರಿ, ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ. ಕೆಯ್ ಅಂದರೆ ಹೊಲ, ಬೆಳೆ. ಕಾಯಬೇಕಾದ ಏರಿಯೇ ನೀರು ಕುಡಿದುಬಿಟ್ಟರೆ, ಕಾಯಬೇಕಾದ ಬೇಲಿಯೇ ಬೆಳೆ ಮೇಯ್ದರೆ ಯಾರಿಗೆ ದೂರು ಕೊಡೋದು? ಏರಿಯ ಮೇಲೆ ನಡೆದು, ಅದರ ಹಿಂಬದಿಯಲ್ಲಿ ನೀರು ಜಿನುಗಿ ಹಸಿಯಾದ ಜಾಗ ನೋಡಿದವರಿಗೆ ಈ ಸಾಲಿನ ಭಯ ಬೇಗ ತಟ್ಟುತ್ತದೆ. ಏರಿ ಒಡೆಯುವುದು ಹಾಗೇ ಶುರುವಾಗುತ್ತದೆ.

ಎರಡನೆಯದು ಅಕ್ಕಮಹಾದೇವಿಯದು: 'ನೆಲದ ಮರೆಯ ನಿಧಾನದಂತೆ, ಫಲದ ಮರೆಯ ರುಚಿಯಂತೆ, ಶಿಲೆಯ ಮರೆಯ ಹೇಮದಂತೆ, ತಿಲದ ಮರೆಯ ತೈಲದಂತೆ...' ಇಲ್ಲಿ ನಿಧಾನ ಅಂದರೆ ಮೆಲ್ಲಗೆ ಅಲ್ಲ, ನಿಧಿ. ಮರೆ ಅಂದರೆ ಮರೆತುಹೋಗುವುದಲ್ಲ, ಅಡಗಿರುವ ಜಾಗ. ನೆಲದೊಳಗೆ ಅಡಗಿದ ನಿಧಿ, ಹಣ್ಣಿನೊಳಗೆ ಅಡಗಿದ ರುಚಿ, ಕಲ್ಲೊಳಗೆ ಅಡಗಿದ ಚಿನ್ನ, ಎಳ್ಳಿನೊಳಗೆ ಅಡಗಿದ ಎಣ್ಣೆ. ಹಾಗೆ ಭಾವದೊಳಗೆ ಅಡಗಿರುವವನನ್ನು ತಿಳಿಯಲಾಗದು ಅನ್ನುತ್ತಾಳೆ ಅಕ್ಕ.

ಪದಗಳ ಪಟ್ಟಿಯನ್ನು ನೋಟ್ ಪುಸ್ತಕದ ಕೊನೆಯ ಪುಟದಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ. ಬೇರೆ ಬೇರೆ ಮುದ್ರಣಗಳಲ್ಲಿ ಒಂದೆರಡು ಅಕ್ಷರ ಬದಲಾಗಿರುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಪಾಠ ಹಿಡಿದು ಅದರಲ್ಲೇ ಇರಿ.

ಹೆಜ್ಜೆ 4: ವಸ್ತುವನ್ನು ಮುಟ್ಟಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ಉಳಿಸಿಕೊಳ್ಳಿ ಅಂದರೆ ಇದನ್ನು ಉಳಿಸಿಕೊಳ್ಳಿ ಅನ್ನುತ್ತೇನೆ.

ಅಕ್ಕನ ವಚನ ಓದುವ ವಾರ ಅಡುಗೆಮನೆಯಿಂದ ಒಂದು ಚಿಟಿಕೆ ಎಳ್ಳು ತೆಗೆದುಕೊಳ್ಳಿ. ಬೆರಳ ಮೇಲೆ ಇಟ್ಟು ನೋಡಿ, ಒಣಗಿದೆ, ಎಣ್ಣೆಯ ಸುಳಿವೇ ಇಲ್ಲ. ಈಗ ಕಲ್ಲಿನ ಮೇಲೆ ಹಾಕಿ ಚೆನ್ನಾಗಿ ಅರೆಯಿರಿ. ಕಲ್ಲು ಹೊಳೆಯುತ್ತದೆ, ಬೆರಳು ಜಿಡ್ಡಾಗುತ್ತದೆ. ಅಷ್ಟೇ. ಇದನ್ನು ಮಾಡಿದ ಮೇಲೆ 'ತಿಲದ ಮರೆಯ ತೈಲದಂತೆ' ಅನ್ನುವಾಗ ನಿಮ್ಮ ಬೆರಳಿಗೆ ನೆನಪಿರುತ್ತದೆ.

ಇನ್ನೊಂದು ವಚನವನ್ನು ಸ್ವಲ್ಪ ಹೊತ್ತು ಕೂತು ನೋಡೋಣ. ಅಲ್ಲಮಪ್ರಭುವಿನದು. ಶರಣರ ಸಂವಾದಗಳನ್ನು ಹೆಣೆದ ಗ್ರಂಥ ಶೂನ್ಯಸಂಪಾದನೆಯಲ್ಲಿ ತೋಟದ ಕೆಲಸದಲ್ಲಿದ್ದ ಗೊಗ್ಗಯ್ಯನಿಗೆ ಹೇಳಿದ ಮಾತಾಗಿ ಇದು ಬರುತ್ತದೆ.

ತನುವ ತೋಂಟವ ಮಾಡಿ, ಮನವ ಗುದ್ದಲಿಯ ಮಾಡಿ,
ಅಗೆದು ಕಳೆದೆನಯ್ಯಾ ಭ್ರಾಂತಿನ ಬೇರ.
ಒಡೆದು ಸಂಸಾರದ ಹೆಂಟೆಯ,
ಬಗಿದು ಬಿತ್ತಿದೆನಯ್ಯಾ ಬ್ರಹ್ಮಬೀಜವ.
ಅಖಂಡಮಂಡಲವೆಂಬ ಬಾವಿ, ಪವನವೆ ರಾಟಾಳ,
ಸುಷುಮ್ನನಾಳದಿಂದ ಉದಕವ ತಿದ್ದಿ,
ಬಸವಗಳೈವರು ಹಸಗೆಡಿಸಿಹವೆಂದು
ಸಮತೆ ಸೈರಣೆಯೆಂಬ ಬೇಲಿಯನಿಕ್ಕಿ,
ಆವಾಗಳೂ ಈ ತೋಂಟದಲ್ಲಿ ಜಾಗರವಿರ್ದು
ಸಸಿಯ ಸಲಹಿದೆನು ಕಾಣಾ ಗುಹೇಶ್ವರಾ.

ನೋಡಿ, ಕೆಲಸದ ಸಾಲು ಎಷ್ಟು ಸರಿಯಾಗಿದೆ. ಅಗೆಯುವುದು, ಬೇರು ಕೀಳುವುದು, ಹೆಂಟೆ ಒಡೆಯುವುದು, ಬಿತ್ತುವುದು, ಬಾವಿಯಿಂದ ನೀರು ಎತ್ತುವುದು, ದನ ಬರದಂತೆ ಬೇಲಿ ಹಾಕುವುದು, ರಾತ್ರಿ ಎಚ್ಚರ ಇದ್ದು ಕಾಯುವುದು. ಒಂದೂ ಹಿಂದುಮುಂದಾಗಿಲ್ಲ. ತೋಟ ಮಾಡಿದವರು ಯಾರಾದರೂ ಓದಿದರೆ 'ಇವನಿಗೆ ಕೆಲಸ ಗೊತ್ತು' ಅನ್ನುತ್ತಾರೆ.

ನಾನು ಮೊದಲು ಓದಿದಾಗ 'ಹೆಂಟೆ'ಯನ್ನು ಹಾರಿಸಿಕೊಂಡು ಹೋಗಿದ್ದೆ. ಮಣ್ಣಿನ ಗಡ್ಡೆ ತಾನೆ, ಏನು ಮಹಾ? ಆ ವರ್ಷ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮದು ಎರೆ ಭೂಮಿ, ಕಪ್ಪು ಮಣ್ಣು. ನೇಗಿಲು ಹೊಡೆದು ಬಿಟ್ಟಿದ್ದರು. ಹೊಲದ ತುಂಬಾ ತಲೆಗಾತ್ರದ ಹೆಂಟೆಗಳು. ಎರೆ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ವಚನದ ನೆನಪಾಗಿ ಗುದ್ದಲಿ ತೆಗೆದುಕೊಂಡು ಒಂದು ಹೆಂಟೆಗೆ ಹೊಡೆದೆ. ಗುದ್ದಲಿ ಪುಟಿದು ಬಂತು, ಮುಂಗೈ ಝುಮ್ಮೆಂದಿತು. ಹೆಂಟೆಯ ಮೇಲೆ ಬಿಳಿ ಗೀರು ಬಿತ್ತು, ಅಷ್ಟೇ. ಇನ್ನೂ ನಾಲ್ಕು ಸಲ ಹೊಡೆದೆ.

ಬದುವಿನ ಮೇಲೆ ಕೂತಿದ್ದ ಅಪ್ಪ ನೋಡುತ್ತಾ ಇದ್ದವರು, 'ಈಗ ಹೊಡಿಬ್ಯಾಡ. ಒಂದು ಮಳಿ ಆಗ್ಲಿ, ತಾನ ಒಡಿತೈತಿ' ಅಂದರು.

ಒಂದು ವಾರಕ್ಕೆ ಮಳೆ ಬಂತು. ಮಾರನೇ ದಿನ ಅಲ್ಲ, ಅದರ ಮಾರನೇ ದಿನ ಅಪ್ಪ ಕರೆದುಕೊಂಡು ಹೋದರು. ಅದೇ ಹೆಂಟೆಗೆ ಕಾಲಿಂದ ಮೆಲ್ಲಗೆ ಒದ್ದರು. ಪುಡಿಪುಡಿಯಾಗಿ ಉದುರಿತು. 'ಇದಕ್ಕ ಹದ ಅಂತಾರ. ನಿನ್ನೆ ಬಂದಿದ್ರ ಕಾಲಿಗೆ ಮೆತ್ತತಿತ್ತು. ನಾಳೆ ಬಂದ್ರ ಮತ್ತ ಬಿಗಿತೈತಿ.'

ಹದ. ಅಲ್ಲಮ ಮಳೆಯ ಮಾತೇ ಎತ್ತಿಲ್ಲ. ಆದರೆ 'ಒಡೆದು ಸಂಸಾರದ ಹೆಂಟೆಯ' ಅನ್ನುವಾಗ ನನಗೆ ಈಗ ಆ ಹದ ನೆನಪಾಗುತ್ತದೆ. ಮನೆಯಲ್ಲಿ ಒಂದು ಜಗಳ ಗಟ್ಟಿಯಾಗಿ ಕೂತಿರುವಾಗ ಗುದ್ದಲಿ ಹಿಡಿದು ಹೊಡೆಯಲು ಹೋಗುತ್ತೇನೆ. ಪುಟಿದು ಬರುತ್ತದೆ. ಯಾವ ತಾತ್ಪರ್ಯದಲ್ಲೂ ಇದನ್ನು ಓದಿರಲಿಲ್ಲ. ನನಗೆ ಹೇಳಿದ್ದು ಆ ಹೆಂಟೆ.

ಊರಿಲ್ಲ, ಹೊಲ ಇಲ್ಲ ಅನ್ನುವವರು ಕುಂಡಕ್ಕೆ ಹತ್ತು ದಿನ ನೀರು ಹಾಕದೆ ಬಿಟ್ಟು ನೋಡಬೇಡಿ ದಯವಿಟ್ಟು, ಗಿಡ ಸಾಯುತ್ತದೆ! ಖಾಲಿ ಕುಂಡದ ಒಣಮಣ್ಣಿನ ಒಂದು ಗಡ್ಡೆ ತೆಗೆದಿಡಿ. ಒಣಗಿದಾಗ ಒತ್ತಿ ನೋಡಿ, ಚೂರು ನೀರು ಚಿಮುಕಿಸಿ ನೋಡಿ, ಜಾಸ್ತಿ ನೀರು ಹಾಕಿ ನೋಡಿ. ಮೂರು ದಿನದ ಕೆಲಸ.

ಈ ವಚನದಲ್ಲಿ ಅಖಂಡಮಂಡಲ, ಸುಷುಮ್ನನಾಳ ಅಂತೆಲ್ಲ ಯೋಗದ ಪದಗಳಿವೆ. ಅವನ್ನು ಸದ್ಯಕ್ಕೆ ಬಿಟ್ಟುಬಿಡಿ. 'ಪವನವೆ ರಾಟಾಳ' ಒಂದನ್ನು ಹಿಡಿಯಿರಿ. ರಾಟಾಳ ಅಂದರೆ ಬಾವಿಯಿಂದ ನೀರು ಎತ್ತುವ ರಾಟೆ. ಉಸಿರು ಒಂದು ರಾಟೆ, ಹೋಗುತ್ತದೆ, ಬರುತ್ತದೆ. ಎರಡು ನಿಮಿಷ ಕೂತು ಆ ರಾಟೆ ತಿರುಗುವುದನ್ನು ಕೇಳಿದರೆ ಸಾಕು. 'ಬಸವಗಳೈವರು' ಅಂದರೆ ಐದು ಎತ್ತು, ಐದು ಇಂದ್ರಿಯ. ನನ್ನ ಬೇಲಿ ಹಾರುವ ಎತ್ತು ಯಾವುದು ಅಂತ ಹೇಳಬೇಕಾಗಿಲ್ಲ, ಅದು ಈಗಲೂ ಜೇಬಿನಲ್ಲಿ ಟಿಂಗ್ ಅನ್ನುತ್ತಿದೆ.

ಹೆಜ್ಜೆ 5: ಅಂಕಿತದ ಹತ್ತಿರ ನಿಲ್ಲಿ

ವಚನದ ಕೊನೆಗೆ ಬರುವ ದೇವರ ಹೆಸರನ್ನು ನಾವು ಸಹಿಯಂತೆ ಓದಿ ಮುಗಿಸುತ್ತೇವೆ. ಸ್ವಲ್ಪ ನಿಲ್ಲಿ. ಕೂಡಲಸಂಗಮ ಅಂದರೆ ನದಿಗಳು ಕೂಡುವ ಜಾಗ, ಬಾಗಲಕೋಟೆ ಜಿಲ್ಲೆಯಲ್ಲಿ ಮಲಪ್ರಭೆ ಬಂದು ಕೃಷ್ಣೆಗೆ ಸೇರುವಲ್ಲಿ. ಚೆನ್ನಮಲ್ಲಿಕಾರ್ಜುನ ಶ್ರೀಶೈಲದ ಬೆಟ್ಟದವನು. ಗುಹೇಶ್ವರನ ಹೆಸರಲ್ಲೇ ಗುಹೆ ಇದೆ. ಬಸವಣ್ಣನಿಗೆ ನದಿ, ಅಕ್ಕನಿಗೆ ಬೆಟ್ಟ, ಅಲ್ಲಮನಿಗೆ ಗುಹೆ. ಎಲ್ಲವೂ ನೆಲದ ಮೇಲಿನ ಜಾಗಗಳೇ. ಅಲ್ಲಮನ ಕಥೆಯಲ್ಲಂತೂ ಅವನು ಉಗುರಿನಿಂದ ನೆಲ ಕೆರೆಯುತ್ತಾ ಕೂತಿದ್ದಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ, ಅಗೆದರೆ ಒಳಗೆ ಗುರು ಸಿಗುತ್ತಾನೆ.

ಒಮ್ಮೆ ಕೂಡಲಸಂಗಮಕ್ಕೆ ಹೋಗಿಬನ್ನಿ. ಬಸವಣ್ಣನ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಬೇಕು. ಸುತ್ತ ನಾರಾಯಣಪುರ ಅಣೆಕಟ್ಟಿನ ಹಿನ್ನೀರು, ನಡುವೆ ಬಾವಿಯಂಥ ಗೋಡೆ, ನೀವು ನೀರಿನ ಮಟ್ಟಕ್ಕಿಂತ ಕೆಳಗೆ. ಜನ ಕಡಿಮೆ ಇರುವ ಹೊತ್ತಿಗೆ ಹೋದರೆ ಒಳ್ಳೆಯದು.

ಹೆಜ್ಜೆ 6: ಒಂದೇ ಪ್ರಶ್ನೆ, ನಿನ್ನೆಯ ದಿನದ ಬಗ್ಗೆ

ಇಲ್ಲಿಗೆ ವಾರದ ಐದಾರು ದಿನ ಕಳೆದಿರುತ್ತದೆ. ಈಗ ಚುಕ್ಕೆ ಇಟ್ಟ ಜಾಗಕ್ಕೆ ವಾಪಸ್ ಬನ್ನಿ. ಅಲ್ಲಿಂದ ನಿಮಗೊಂದು ಪ್ರಶ್ನೆ ಮಾಡಿಕೊಳ್ಳಿ. ದೊಡ್ಡ ಪ್ರಶ್ನೆ ಬೇಡ. 'ನಾನು ಯಾರು' ಅಂತ ಕೇಳಿದರೆ ಉತ್ತರ ಬರುವುದಿಲ್ಲ, ನಿದ್ದೆ ಬರುತ್ತದೆ. ಪ್ರಶ್ನೆ ನಿನ್ನೆ ನಡೆದ ಯಾವುದಾದರೂ ಒಂದಕ್ಕೆ ತಾಗಬೇಕು.

ದಾಸಿಮಯ್ಯನ 'ಕುನ್ನಿ' ನನ್ನನ್ನು ಕೇಳಿದ ಪ್ರಶ್ನೆ ಇದು: ಯಾರದ್ದು ಉಂಡು ಯಾರನ್ನು ಹೊಗಳಿದೆ? ಆ ವಾರವೇ ಕಚೇರಿಯಲ್ಲಿ ಮೇಲಿನವರಿಗೆ ಒಂದು ಮೇಲ್ ಬರೆದಿದ್ದೆ. ತಮ್ಮ ಮಾರ್ಗದರ್ಶನದಿಂದಲೇ ಕೆಲಸ ಮುಗಿಯಿತು ಅಂತ. ಎರಡು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದ ಹುಡುಗಿಯ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಎಂಟುನೂರು ವರ್ಷಗಳಿಗೂ ಹಿಂದಿನ ನೇಕಾರನೊಬ್ಬ ನನ್ನ ಮೇಲ್ ಓದಿದಂತಾಯಿತು. ಸೋಮವಾರ ಇನ್ನೊಂದು ಮೇಲ್ ಬರೆದೆ.

ಆಯ್ದಕ್ಕಿ ಲಕ್ಕಮ್ಮನ ವಚನಕ್ಕೆ ಪ್ರಶ್ನೆ ಹುಡುಕಬೇಕಾಗಿಯೇ ಇಲ್ಲ, ಅವಳೇ ಕೇಳಿದ್ದಾಳೆ. ಗಂಡ ಒಂದು ದಿನ ಜಾಸ್ತಿ ಅಕ್ಕಿ ತಂದಾಗ 'ಈಸಕ್ಕಿಯಾಸೆ ನಿಮಗೇಕೆ?' ಅನ್ನುತ್ತಾಳೆ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ದೇವರು ಒಪ್ಪಲ್ಲ ಅಂತ. ಅಕ್ಕಿಯ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ಹಿಡಿದು, ಈ ಸಾಲು ಹೇಳಿ. ನಂತರ ಬೇಕಾದರೆ ಆನ್‌ಲೈನ್ ಕಾರ್ಟ್ ತೆರೆಯಿರಿ.

ಹೆಜ್ಜೆ 7: ನಿಮ್ಮ ನಾಲ್ಕು ಸಾಲು

ಏಳನೇ ದಿನ ಬರೆಯಿರಿ. ಛಂದಸ್ಸು ಗೊತ್ತಿಲ್ಲ, ಪ್ರಾಸ ಬರಲ್ಲ ಅನ್ನುವ ನೆಪ ನಡೆಯುವುದಿಲ್ಲ. 'ತಾಳಮಾನ ಸರಿಸವನರಿಯೆ' ಅಂತ ಶುರು ಮಾಡಿ 'ಆನು ಒಲಿದಂತೆ ಹಾಡುವೆ' ಅಂತ ಮುಗಿಸಿದವನು ಬಸವಣ್ಣ. ಅವನಿಗೇ ಬೇಡದ ಲೆಕ್ಕ ನಮಗೇಕೆ?

ಆದರೆ ಎರಡು ಕಟ್ಟು ಹಾಕಿಕೊಳ್ಳಿ. ಒಂದು, ಇನ್ನೊಬ್ಬರ ಅಂಕಿತ ಬಳಸಬೇಡಿ. ಅದು ಅವರು ಬದುಕಿ ಗಳಿಸಿದ ಹೆಸರು. ನಿಮ್ಮ ಸಾಲಿಗೆ ಅಂಕಿತ ಇಲ್ಲದಿದ್ದರೂ ನಡೆಯುತ್ತದೆ. ಎರಡು, ಮೊದಲ ಆರು ತಿಂಗಳು 'ಎಂಬ' ಮುಟ್ಟಬೇಡಿ. ವಚನ ಓದಿದವರಿಗೆಲ್ಲ ಈ ರೋಗ ಹತ್ತುತ್ತದೆ. ನನ್ನ ಮೊದಲ ನೋಟ್ ಪುಸ್ತಕದಲ್ಲಿ ಇಂಥ ಸಾಲುಗಳೇ ತುಂಬಿವೆ: 'ಮನವೆಂಬ ಮಣ್ಣಿನಲ್ಲಿ ಭಕ್ತಿಯೆಂಬ ಬೀಜವ ಬಿತ್ತಿ, ಜ್ಞಾನವೆಂಬ ನೀರೆರೆದು...' ಕೇಳೋಕೆ ಚೆನ್ನಾಗಿದೆ. ಆದರೆ ಅದನ್ನು ಬರೆಯುವಾಗ ನಾನು ಫ್ಯಾನ್ ಕೆಳಗೆ ಕೂತಿದ್ದೆ, ಬೀಜವನ್ನೂ ನೋಡಿರಲಿಲ್ಲ, ಭಕ್ತಿಯನ್ನೂ ನೋಡಿರಲಿಲ್ಲ. ಅಲ್ಲಮನ 'ಎಂಬ' ದುಡಿದು ಬಂದದ್ದು, ನನ್ನದು ನಕಲು.

ಅದರ ಬದಲು ನೋಡಿದ್ದನ್ನು ನೋಡಿದ ಹಾಗೆ ಒಂದೆರಡು ಸಾಲು ಬರೆಯಿರಿ. ಕೆಳಗೆ ನಿಮ್ಮ ದಿನದ ಒಂದು ಸಂಗತಿ ಬರೆಯಿರಿ. ನಡುವೆ 'ಹಾಗೆಯೇ' ಅಂತ ಸೇರಿಸಬೇಡಿ. ಒಂದು ವಾರ ನಾನು ಬರೆದದ್ದು ಇದು:

ಮೂರು ದಿನದಿಂದ ನೀರು ಹಾಕಿಲ್ಲ.
ಕರಿಬೇವು ಸುಮ್ನೆ ನಿಂತಿದೆ.
ಮೂರು ದಿನದಿಂದ ಅವ್ವನಿಗೆ ಫೋನ್ ಮಾಡಿಲ್ಲ.
ಅವ್ವನೂ ಏನೂ ಅಂದಿಲ್ಲ.

ಕವಿತೆ ಅಂತ ಇದನ್ನು ಯಾರಿಗೂ ತೋರಿಸಲಿಲ್ಲ. ಬರೆದು ಮುಗಿಸಿ ಒಂದು ಚೊಂಬು ನೀರು ತಂದು ಕುಂಡಕ್ಕೆ ಹಾಕಿದೆ, ಫೋನ್ ಹಚ್ಚಿದೆ. ನಿಮ್ಮ ಸಾಲುಗಳನ್ನೂ ಕೂಡಲೇ ಎಲ್ಲರಿಗೂ ಕಳಿಸಬೇಡಿ. ಒಂದು ತಿಂಗಳು ಪುಸ್ತಕದಲ್ಲೇ ಇರಲಿ. ಹೊಗಳಿಕೆ ಬರಲು ಶುರುವಾದರೆ ಮುಂದಿನ ವಾರದ ಸಾಲು ಹೊಗಳಿಕೆಗಾಗಿಯೇ ಹುಟ್ಟುತ್ತದೆ.

ಜೊತೆಗೆ ಓದುವವರಿಗೆ

ಇಬ್ಬರು ಮೂವರು ಸೇರಿದರೆ ಒಳ್ಳೆಯದು. ಹತ್ತು ಜನ ಆದರೆ ಭಾಷಣ ಆಗುತ್ತದೆ. ಸೇರಿದಾಗ ಅರ್ಥ ಹೇಳುವುದನ್ನು ಕೊನೆಗೆ ಇಡಿ. ಮೊದಲು ಎಲ್ಲರೂ ವಸ್ತುವಿನ ಬಗ್ಗೆ ಒಂದೊಂದು ಅನುಭವ ಹೇಳಲಿ. 'ನೆಲನೊಂದೆ ಹೊಲಗೇರಿ ಶಿವಾಲಯಕ್ಕೆ, ಜಲವೊಂದೆ ಶೌಚಾಚಮನಕ್ಕೆ' ಅನ್ನುವ ಬಸವಣ್ಣನ ಸಾಲು ಓದಿದ ದಿನ, ನಮ್ಮಲ್ಲೊಬ್ಬರು ತಮ್ಮ ಊರಿನಲ್ಲಿ ಎರಡು ಬಾವಿ ಇದ್ದದ್ದನ್ನು, ತಮ್ಮ ಅಜ್ಜಿ ಯಾವ ಬಾವಿಗೆ ಹೋಗುವಂತಿರಲಿಲ್ಲ ಅನ್ನುವುದನ್ನು ಹೇಳಿದರು. ಆಮೇಲೆ ಯಾರೂ ತಾತ್ಪರ್ಯ ಕೇಳಲಿಲ್ಲ.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೂ ಇದೇ ದಾರಿ ಸುಲಭ. ಕನ್ನಡ ಲಿಪಿ ಬಾರದ ಮಗುವಿಗೂ ಎಳ್ಳು ಅರೆಯಲು ಬರುತ್ತದೆ. ಅರೆಯುತ್ತಾ ನೀವು ಸಾಲು ಹೇಳಿ, ಅದು ತಾನಾಗಿ ತಿರುಗಿ ಹೇಳುತ್ತದೆ.

ಕಾಯಬೇಕಾದ ವಚನಗಳು

ಕೆಲವು ವಚನಗಳಿಗೆ ಕಾಲ ಬರಬೇಕು. ಅಲ್ಲಮನ ಈ ಸಾಲು ನಿಮಗೆ ಗೊತ್ತೇ ಇರುತ್ತದೆ: 'ಎತ್ತಣ ಮಾಮರ, ಎತ್ತಣ ಕೋಗಿಲೆ, ಎತ್ತಣಿಂದೆತ್ತ ಸಂಬಂಧವಯ್ಯಾ? ಬೆಟ್ಟದ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು, ಎತ್ತಣಿಂದೆತ್ತ ಸಂಬಂಧವಯ್ಯಾ?' ಮೊದಲ ಅರ್ಧವನ್ನು ಯುಗಾದಿಯ ಆಸುಪಾಸಿಗೆ ಇಟ್ಟುಕೊಳ್ಳಿ, ಮಾವು ಹೂ ಬಿಟ್ಟು ಕೋಗಿಲೆ ಕೂಗುವಾಗ. ಎರಡನೇ ಅರ್ಧಕ್ಕೆ ಚಳಿಗಾಲ ಬೇಕು, ಮಾರ್ಕೆಟ್ಟಿಗೆ ಬೆಟ್ಟದ ನೆಲ್ಲಿಕಾಯಿ ಬಂದಾಗ.

ಅರ್ಧ ಕೆಜಿ ತನ್ನಿ. ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ. ಭರಣಿಗೆ ಹಾಕಿ, ಕಾಯಿಸಿ ಆರಿಸಿದ ನೀರಿಗೆ ಕಲ್ಲುಪ್ಪು ಕರಗಿಸಿ ಮುಳುಗುವಷ್ಟು ಹಾಕಿ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ಮೂರನೇ ದಿನ ಒಂದನ್ನು ಕಚ್ಚಿ ನೋಡಿ. ಉಪ್ಪು ಬೇರೆ, ನೆಲ್ಲಿ ಬೇರೆ, ಇನ್ನೂ ಒಂದನ್ನೊಂದು ಮಾತಾಡಿಸಿರುವುದಿಲ್ಲ. ಮೂರು ವಾರ ಬಿಟ್ಟು ಇನ್ನೊಂದು ಕಚ್ಚಿ. ವಚನವನ್ನು ಆವತ್ತು ಓದಿ, ಬಾಯಲ್ಲಿ ಬೀಜ ಇರುವಾಗಲೇ.